ಕಂಬಳಿ ಕಸಿದವರೇ, ಚಳಿಯ ಲೆಕ್ಕ ಕೊಡಿ



2021ರ ಫೆಬ್ರವರಿಯಲ್ಲಿ ಕೊಡಗಿನ ಶನಿವಾರಸಂತೆಯ ಸುತ್ತಮುತ್ತ ಆಲಿಕಲ್ಲಿನ ಮಳೆ ಸುರಿದು ತೋಟಗಳೂ ರಸ್ತೆಗಳೂ ಬೆಳ್ಳಗಾದವು. ನೋಡಿದವರಿಗೆ ಕಾಶ್ಮೀರ ನೆನಪಾಯಿತು. ಮಕ್ಕಳು ಮಂಜಿನ ಉಂಡೆ ಕಟ್ಟಿದರು. ಚಿತ್ರಗಳು ಕೈಯಿಂದ ಕೈಗೆ ಹರಿದಾಡಿದವು. ಬೆಳೆ ಕಳೆದುಕೊಂಡವನ ಗೋಳು ಆ ಚಿತ್ರಗಳ ಚೆಂದದೊಳಗೆ ಮುಚ್ಚಿಹೋಯಿತು. ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಬೀಳುವುದು ಆಲಿಕಲ್ಲು. ಅದು ಅರ್ಧ ತಾಸಿನ ಆರ್ಭಟ. ಬಿಸಿಲು ಬಂದೊಡನೆ ಕರಗಿ ನೀರಾಗುತ್ತದೆ. ಆದರೆ ಯಾವ ಚಿತ್ರಕ್ಕೂ ಸಿಗದ, ಯಾವ ಉದ್ಗಾರಕ್ಕೂ ಕಾರಣವಾಗದ ಇನ್ನೊಂದು ಶೀತ ಈ ನಾಡಿನಲ್ಲಿದೆ. ಅದು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬಯಲುಸೀಮೆಯ ಬಡವನ ಮೈಯ ಮೇಲೆ ರಾತ್ರಿಯಿಡೀ ಕುಳಿತಿರುತ್ತದೆ. ಈ ಲೇಖನ ಆ ಶೀತವನ್ನು ಕುರಿತದ್ದು.

ಬೆಟ್ಟದ ಜನರ ಪತ್ರಿಕೆಗೆ ಬಯಲಿನ ಚಳಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಕಾಡಿನಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಾಗಿ ಹರಿದು ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯನ್ನು ತಲುಪುತ್ತವೆ. ನಮ್ಮ ಮಳೆಗಾಲಕ್ಕೆ ಹೊದಿಕೆಯಾಗಿದ್ದ ಕಂಬಳಿ ಹಿಂದೆ ಬಯಲುಸೀಮೆಯ ಕುರುಬರ ಕೈಯಿಂದಲೇ ಘಟ್ಟ ಹತ್ತಿ ಬರುತ್ತಿತ್ತು. ನೀರು ಕೊಟ್ಟವರು ನಾವು, ಕಂಬಳಿ ಕೊಟ್ಟವರು ಅವರು. ಈಗ ಅವರ ಹೆಗಲ ಮೇಲೆಯೇ ಕಂಬಳಿ ಇಲ್ಲ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಿಗೆ ಡಿಸೆಂಬರಿನ ಕೊನೆಯಲ್ಲಿ ಒಮ್ಮೆ ಹೋಗಿ ನೋಡಿ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ಸೀಮೆ ಅದು. ರಾಯಚೂರೆಂದರೆ ಉರಿಬಿಸಿಲು ಎಂದು ಶಾಲೆಯ ಮಗುವೂ ಹೇಳುತ್ತದೆ. ಆದರೆ ಹಿಂಗಾರು ಮುಗಿದು, ಮೋಡ ಸರಿದು, ಗಾಳಿ ಒಣಗಿದ ಮೇಲೆ ಇದೇ ನೆಲದ ರಾತ್ರಿ ಬೇರೆಯದೇ ಆಗುತ್ತದೆ. ಹಗಲಿಡೀ ಕಾದ ನೆಲ ತನ್ನ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವೂ ತೇವವೂ ಇದ್ದರೆ ಆ ಶಾಖದ ಒಂದು ಪಾಲು ಕೆಳಗೆ ಮರಳುತ್ತದೆ; ನಿರಭ್ರ ಆಕಾಶದಲ್ಲಿ ಅದನ್ನು ತಡೆಯುವವರು ಯಾರೂ ಇಲ್ಲ. ಇದರ ಮೇಲೆ ಉತ್ತರದ ಒಣ ಶೀತಗಾಳಿ ಇಳಿದು ಬಂದರೆ, ಹಗಲು 30 ಡಿಗ್ರಿ ಇದ್ದ ಊರು ನಸುಕಿನಲ್ಲಿ ಗಡಗಡ ನಡುಗುತ್ತದೆ. ಇದು ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿದೆ. ಬೆಚ್ಚನೆಯ ನಾಡು ಎಂಬುದು ಹಗಲಿನ ಮಾತು.

ಹಾಗೆಂದು ಚಳಿ ಈ ಸೀಮೆಗೆ ಶತ್ರುವಲ್ಲ. ಹಿಂಗಾರಿ ಜೋಳಕ್ಕೂ ಕಡಲೆಗೂ ಹದವಾದ ಚಳಿ ಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉಂಡು, ಕುಳ್ಳಿನ ಬೆಂಕಿಯ ಸುತ್ತ ಕುಳಿತು ಸೀತನಿ ಸುಟ್ಟು ತಿನ್ನುವ ಸಂಭ್ರಮ ಚಳಿಗಾಲದ್ದೇ. ಎಳ್ಳು, ಸಜ್ಜೆ, ಬೆಲ್ಲ, ಬೆಂಕಿ, ಕಂಬಳಿ ಇವೆಲ್ಲ ಸೇರಿ ಒಂದು ಸಿದ್ಧತೆಯಾಗಿತ್ತು. ಅದನ್ನು ಯಾವ ಇಲಾಖೆಯೂ ರೂಪಿಸಿರಲಿಲ್ಲ. ತಲೆಮಾರುಗಳ ಅನುಭವ ರೂಪಿಸಿತ್ತು. ಪ್ರಶ್ನೆ ಇರುವುದು ಚಳಿ ಏಕೆ ಬಂತು ಎಂಬುದರಲ್ಲಲ್ಲ. ಆ ಸಿದ್ಧತೆ ಎಲ್ಲಿ ಹೋಯಿತು, ಅದನ್ನು ಕಳೆದವರು ಯಾರು ಎಂಬುದರಲ್ಲಿ.

ಯಾರ ಅಳತೆಗೋಲು?

ಮೊದಲು ಸರಕಾರದ ಲೆಕ್ಕವನ್ನು ನೋಡೋಣ. ವಿಪತ್ತು ಪರಿಹಾರ ನಿಧಿಯಡಿ ನೆರವಿಗೆ ಅರ್ಹವಾದ ಪ್ರಕೃತಿ ವಿಕೋಪಗಳ ರಾಷ್ಟ್ರೀಯ ಪಟ್ಟಿಯಲ್ಲಿ ಆಲಿಕಲ್ಲಿನ ಮಳೆಯೂ ಇದೆ, ಶೀತಗಾಳಿಯೂ ಇದೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಶೀತಗಾಳಿ ಎಂದರೆ ಯಾವುದು? ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿಯಬೇಕು; ಜೊತೆಗೆ ಅದು ಆ ಊರಿನ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿಯಷ್ಟು ಕಡಿಮೆ ಇರಬೇಕು. ಗುಡ್ಡಗಾಡಿನಲ್ಲಾದರೆ 10ರ ಬದಲು 0 ಡಿಗ್ರಿ. ಕರಾವಳಿಗೆ ಮಾತ್ರ ವಿನಾಯಿತಿ: ಅಲ್ಲಿ 15 ಡಿಗ್ರಿಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿ ಕಡಿಮೆಯಾದರೆ ಶೀತಗಾಳಿ ಎನ್ನಬಹುದು.

ಈ ಅಂಕಿಗಳನ್ನು ರಾಯಚೂರಿಗೆ ಹಚ್ಚಿ ನೋಡಿ. ಅಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳ ವಾಡಿಕೆಯ ಉಷ್ಣಾಂಶ 17-18 ಡಿಗ್ರಿಯ ಆಸುಪಾಸು. ಒಂದು ರಾತ್ರಿ ಅದು 11 ಡಿಗ್ರಿಗೆ ಕುಸಿಯಿತು ಎನ್ನಿ. ವಾಡಿಕೆಗಿಂತ ಆರೇಳು ಡಿಗ್ರಿ ಕಡಿಮೆ. ಕುಸಿತವೊಂದನ್ನೇ ಎಣಿಸಿದರೆ ಅದು ತೀವ್ರ ಶೀತದ ಅಂಚಿನಲ್ಲಿದೆ. ಆದರೂ 10ರ ಗೆರೆ ದಾಟಲಿಲ್ಲವಾದ್ದರಿಂದ ಆ ರಾತ್ರಿ ಶೀತಗಾಳಿಯೇ ಅಲ್ಲ! ಎಚ್ಚರಿಕೆ ಇಲ್ಲ, ಆಶ್ರಯವಿಲ್ಲ, ಸತ್ತವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಪಂಜಾಬಿನ ರೈತನ ದಪ್ಪ ರಜಾಯಿಗೂ ಮಾನ್ವಿಯ ಕೂಲಿಯ ತೆಳು ಚಾದರಕ್ಕೂ ಒಂದೇ ಅಳತೆಗೋಲು ಎಂದರೆ ಇದೆಂಥ ವಿಜ್ಞಾನ? ಕರಾವಳಿಗೆ ಬೇರೆ ಗೆರೆ ಎಳೆಯಲು ಸಾಧ್ಯವಾದವರಿಗೆ ದಖ್ಖನ್ ಪ್ರಸ್ಥಭೂಮಿಗೆ ಇನ್ನೊಂದು ಗೆರೆ ಎಳೆಯಲು ಏನು ಅಡ್ಡಿ? ನಮ್ಮ ಬೆಟ್ಟದ ಊರುಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಗುಡ್ಡಗಾಡಿಗೆ 0 ಡಿಗ್ರಿ ಎಂಬ ಗೆರೆ ಹಿಮಾಲಯದ್ದು. ಅದನ್ನು ಹಿಡಿದು ಕುಳಿತರೆ ಕೊಡಗಿನ, ಚಿಕ್ಕಮಗಳೂರಿನ ಎತ್ತರದ ಊರುಗಳಿಗೆ ಶೀತಗಾಳಿ ಎಂಬುದು ಎಂದೆಂದಿಗೂ ಬರುವುದೇ ಇಲ್ಲ.

ಇನ್ನೂ ಒಂದು ಸಂಗತಿ. ಹವಾಮಾನ ಕೇಂದ್ರದ ಉಷ್ಣಮಾಪಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ ನೆರಳಿನಲ್ಲಿ ಇರುತ್ತದೆ. ಅದು ವಿಜ್ಞಾನದ ಶಿಸ್ತು, ತಪ್ಪಲ್ಲ. ಆದರೆ ನಿರಭ್ರವಾದ, ಗಾಳಿಯಾಡದ ರಾತ್ರಿಯಲ್ಲಿ ನೆಲಮಟ್ಟದ ಚಳಿ ಪೆಟ್ಟಿಗೆಯೊಳಗಿನ ಚಳಿಗಿಂತ ಕೆಲವು ಡಿಗ್ರಿಯಷ್ಟು ಹೆಚ್ಚಿರುತ್ತದೆ. ಕುರಿಹಟ್ಟಿಯ ಪಕ್ಕ ಮಲಗುವ ಕುರಿಗಾಹಿ, ಕಣದಲ್ಲಿ ರಾಶಿ ಕಾಯುವ ಮುದುಕ, ಹತ್ತಿ ಬಿಡಿಸಲು ಬಂದು ಬಯಲಲ್ಲಿ ಬಿಡಾರ ಹೂಡಿದ ಹೆಂಗಸು, ಇವರು ಮಲಗುವುದು ನಾಲ್ಕು ಅಡಿ ಎತ್ತರದಲ್ಲಲ್ಲ, ನೆಲದ ಮೇಲೆ.

'ಅಷ್ಟು ಚಳಿಗೆ ಯಾರು ಸಾಯುತ್ತಾರೆ?'

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 11 ಡಿಗ್ರಿಯೂ ಒಂದು ಚಳಿಯೇ, ಅದು ಆಹ್ಲಾದಕರ ಹವೆಯಲ್ಲವೇ, ಬೆಂಗಳೂರಿನವರು ಅದಕ್ಕಾಗಿ ದುಡ್ಡು ಕೊಟ್ಟು ನಮ್ಮ ಬೆಟ್ಟಕ್ಕೆ ಬರುತ್ತಾರಲ್ಲ ಎಂಬ ಮಾತು. ಬರುತ್ತಾರೆ, ನಿಜ. ಹೊಟ್ಟೆ ತುಂಬಿ, ಉಣ್ಣೆ ಧರಿಸಿ, ಬಿಸಿನೀರು ಬರುವ ಕೋಣೆಗೆ ಬರುತ್ತಾರೆ. ಅದೇ 11 ಡಿಗ್ರಿಯನ್ನು ಒದ್ದೆ ಬಟ್ಟೆಯಲ್ಲಿ, ಖಾಲಿ ಹೊಟ್ಟೆಯಲ್ಲಿ, ನಾಲ್ಕು ಕಡೆಯಿಂದ ಗಾಳಿ ನುಗ್ಗುವ ಗುಡಿಸಲಲ್ಲಿ ಕಳೆದು ಬಂದು ಮಾತಾಡಲಿ.

ಮನುಷ್ಯನ ಒಳಮೈಯ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಅದಕ್ಕೆ ಹಿಮ ಬೀಳಲೇಬೇಕೆಂದಿಲ್ಲ. ಗಾಳಿ, ತೇವ, ಅಪೌಷ್ಟಿಕತೆ, ವೃದ್ಧಾಪ್ಯ, ಕುಡಿತ ಇವು ಸೇರಿದರೆ ಸಾಧಾರಣ ಚಳಿಯೇ ಸಾಕು. ಹಸುಗೂಸಿನ ಕಥೆಯಂತೂ ಬೇರೆಯೇ. ಹೆರಿಗೆಯ ಕೋಣೆ 25 ಡಿಗ್ರಿಗಿಂತ ತಂಪಾಗಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಳಿ ರಕ್ತನಾಳಗಳನ್ನು ಬಿಗಿಮಾಡಿ ರಕ್ತದ ಒತ್ತಡ ಏರಿಸುತ್ತದೆ. ಆದ್ದರಿಂದ ಅದರ ಬಲಿ ಬಹುತೇಕ ಪಾರ್ಶ್ವವಾಯು, ಹೃದಯಾಘಾತ, ಉಬ್ಬಸಗಳ ಹೆಸರಿನಲ್ಲಿ ದಾಖಲಾಗುತ್ತದೆ. ಚಳಿಯ ಹೆಸರು ಎಲ್ಲೂ ಬರುವುದಿಲ್ಲ. ಭಾರತದಲ್ಲಿ 2001ರಿಂದ 2013ರವರೆಗೆ ಸಂಭವಿಸಿದ ಸಾವುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡದ್ದೂ ಇದನ್ನೇ: ಅತಿಯಾದ ಚಳಿ, ಅತಿಯಾದ ಸೆಕೆಗಳಿಗಿಂತ ಮಧ್ಯಮ ಪ್ರಮಾಣದ ಚಳಿಗೆ ಸಲ್ಲುವ ಸಾವಿನ ಪಾಲೇ ದೊಡ್ಡದು. ಏಕೆಂದರೆ ಅಂಥ ರಾತ್ರಿಗಳೇ ಹೆಚ್ಚು, ಮತ್ತು ಅವುಗಳಿಗೆ ಯಾರೂ ಹೆದರುವುದಿಲ್ಲ.

ಬೆಚ್ಚನೆಯ ನಾಡಿನ ಈ ಮೈಮರೆವು ಬಡವರ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ನೋಡಿ. ನಮ್ಮ ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ನಗರಗಳು ಅಲ್ಲಿವೆ. ಬಿಸಿಲಿನ ಸೀಮೆ, ತೈಲ, ಅನಿಲಗಳ ಭಂಡಾರ. ಶನಿವಾರಸಂತೆಯಲ್ಲಿ ಆಲಿಕಲ್ಲು ಬಿದ್ದ ಅದೇ 2021ರ ಫೆಬ್ರವರಿಯಲ್ಲಿ ಅಲ್ಲಿ ನಿಜವಾದ ಹಿಮ ಬಿತ್ತು, ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದವು, ಅನಿಲ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಸ್ಥಗಿತಗೊಂಡವು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ರಾಜ್ಯದ ಆರೋಗ್ಯ ಇಲಾಖೆಯೇ ಒಪ್ಪಿದ ಸಾವುಗಳು 246. ಅವುಗಳಲ್ಲಿ ಹೆಚ್ಚಿನವು ಮೈ ತಣ್ಣಗಾಗಿ ಸಂಭವಿಸಿದವು. ಅನೇಕರು ಮುಚ್ಚಿದ ಮನೆಯೊಳಗೆ ಇದ್ದಿಲು ಒಲೆ, ಜನರೇಟರ್ ಹಚ್ಚಿ ವಿಷಾನಿಲಕ್ಕೆ ತುತ್ತಾದರು. ಇದು ಆಕಸ್ಮಿಕವೇ? ಅಲ್ಲ. 1989ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಹೀಗೆಯೇ ಆಗಿತ್ತು. ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿ ಎಂದು 2011ರ ನಂತರ ತಜ್ಞರು ವರದಿ ಕೊಟ್ಟಿದ್ದರು. ಅಪರೂಪಕ್ಕೆ ಬರುವ ಚಳಿಗೆ ಯಾರು ಹಣ ಸುರಿಯುತ್ತಾರೆಂದು ಕಂಪನಿಗಳೂ ಆಳುವವರೂ ಕೈಚೆಲ್ಲಿ ಕುಳಿತರು. ಅಪರೂಪ ಎಂಬ ಒಂದೇ ಪದ ಹತ್ತು ವರ್ಷಗಳ ನಂತರ ನೂರಾರು ಜನರನ್ನು ತಿಂದಿತು. ಸಂಪತ್ತು ಸಿದ್ಧತೆಯಲ್ಲ ಎಂಬುದು ಆ ಪಾಠ. 1985ರಿಂದ ನಾಡಿಗೆಲ್ಲ ಬೆಳಕು ಕಳಿಸುತ್ತ ಬಂದ ಶಕ್ತಿನಗರದ ಉಷ್ಣ ಸ್ಥಾವರ ಇರುವ ಜಿಲ್ಲೆಯ ಬಡವನೂ ಚಳಿಯಲ್ಲಿ ನಡುಗುತ್ತಾನೆ ಎಂಬುದು ನಮ್ಮದೇ ಪಾಠ.

ಕಂಬಳಿ ಹೇಗೆ ಹೋಯಿತು?

ದಖ್ಖನಿ ಕುರಿ ಈ ಸೀಮೆಯ ಕರಿ ಉಣ್ಣೆಯ ತಳಿ. ಅದರ ಉಣ್ಣೆ ಒರಟು. ನಗರದ ಚರ್ಮಕ್ಕೆ ಚುಚ್ಚುತ್ತದೆ. ಆದರೆ ಆ ಒರಟು ನೂಲನ್ನು ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿದ ಕಂಬಳಿ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಹೊಲದಲ್ಲಿ ಹಾಸಿಗೆ, ರಾಶಿಯ ದಿನ ಗಂಟು. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಒದ್ದೆಯಾದ ಹತ್ತಿಯ ಚಾದರ ಮೈಯ ಬಿಸಿಯನ್ನೇ ಹೀರುತ್ತದೆ.

ಈ ಕಂಬಳಿಯ ಮೂಲ ಮಗ್ಗದಲ್ಲಿಲ್ಲ, ಹುಲ್ಲುಗಾವಲಿನಲ್ಲಿದೆ. ಹುಲ್ಲು ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಕಂಬಳಿ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ನಿಮ್ಮ ಊರಿನಲ್ಲಿ ಎಷ್ಟು ಉಳಿದಿದೆ? ಒತ್ತುವರಿ, ಮಂಜೂರಾತಿ, ಕೈಗಾರಿಕಾ ವಸಾಹತು, ನಿವೇಶನ ಎಂದು ಒಂದೊಂದಾಗಿ ಕರಗಿದ ಗೋಮಾಳಗಳ ಲೆಕ್ಕವನ್ನು ಯಾವ ಕಚೇರಿಯಾದರೂ ಊರಿನ ಎದುರು ಓದಿ ಹೇಳಿದ್ದುಂಟೇ? ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲೇ 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೂ ಇತರರಿಗೂ ಹಂಚಲಾಯಿತು. ಬೇಲಿ, ಗೋಡೆ ಎದ್ದವು. ಕುರಿಗಾಹಿಗಳೂ ನೇಕಾರರೂ ಬೀದಿಗಿಳಿದರು. ಊರಿನ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಎಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿದ್ದರೂ ಹುಲ್ಲಿನ ನೆಲವನ್ನು 'ಪಾಳು' ಎಂದು ಬರೆಯುವ ಲೇಖನಿ ನಿಂತಿಲ್ಲ. ಉಣ್ಣೆಗೆ ಬೆಲೆ ಇಲ್ಲವಾದ ಮೇಲೆ ಕುರಿಗಾಹಿಯೂ ಉಣ್ಣೆಯಿಲ್ಲದ ಮಾಂಸದ ತಳಿಗಳತ್ತ ವಾಲಿದ. ಅವನನ್ನು ದೂರುವಂತಿಲ್ಲ.

ಮನೆಯ ಕಥೆಯೂ ಹೀಗೆಯೇ. ರಾಯಚೂರು ಸೀಮೆಯ ಹಳೆಯ ಮನೆಗಳು ದಪ್ಪ ಕಲ್ಲುಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆಗಳವು. ಹಗಲಿನ ಶಾಖವನ್ನು ಅವು ನಿಧಾನವಾಗಿ ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಅವು ಸ್ವರ್ಗವಾಗಿದ್ದವೆಂದು ನಾವು ಹೇಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಅಂಥ ಮನೆಗಳು ಸಾಲುಸಾಲಾಗಿ ಕುಸಿದು ಜನ ಸತ್ತರು. ಆದರೆ ಅದಕ್ಕೆ ಉತ್ತರವಾಗಿ ಬಂದದ್ದು ಏನು? ಪತ್ರಾಸಿನ ಶೆಡ್ಡು. ತೆಳ್ಳನೆಯ ತಗಡು ಬೇಸಿಗೆಯ ಹಗಲಲ್ಲಿ ಕಾದ ಹಂಚು. ಚಳಿಗಾಲದ ರಾತ್ರಿಯಲ್ಲಿ ಹೊರಗಿನ ಗಾಳಿಗಿಂತಲೂ ತಣ್ಣಗಾಗಿ ಒಳಗಿನ ಉಸಿರಿನ ತೇವವನ್ನೇ ಹನಿಯಾಗಿಸಿ ಮಲಗಿದವರ ಮೇಲೆ ಉದುರಿಸುತ್ತದೆ. ಗುಳೆ ಹೋದ ರಾಯಚೂರಿನ ಕೂಲಿಗಳು ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಮಲಗುವುದೂ ಅಂಥದೇ ತಗಡಿನ ಕೆಳಗೆ. ಕಾಲುವೆಯ ನೀರು ಬಂದಲ್ಲಿ ಸಜ್ಜೆ, ಜೋಳಗಳ ಹೊಲ ಭತ್ತದ ಗದ್ದೆಯಾಗಿ ಚಳಿಗಾಲದ ಊಟವೂ ಬದಲಾಯಿತು. ಹೀಗೆ ಹೊದಿಕೆ, ಸೂರು, ಊಟ ಮೂರನ್ನೂ ಅಭಿವೃದ್ಧಿಯ ಹೆಸರಿನಲ್ಲಿ ಕಳಚಿ, ಕೊನೆಗೆ ಚಳಿಗಾಲದ ಒಂದು ಸಂಜೆ ಸಭೆ ಕರೆದು ತೆಳ್ಳನೆಯ ಕೃತಕ ನೂಲಿನ ಹೊದಿಕೆ ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕೆ ದಾನ ಎನ್ನುತ್ತಾರೆ!

ಪಹಣಿ ಇಲ್ಲದವನ ಪಾಡು

ಪರಿಹಾರದ ಇನ್ನೊಂದು ಕುರುಡನ್ನೂ ಹೇಳಬೇಕು. 2014ರ ಫೆಬ್ರವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಮೇಲೆ ಆಲಿಕಲ್ಲಿನ ಮಳೆ ಸುರಿದು ದ್ರಾಕ್ಷಿ, ದಾಳಿಂಬೆ, ಜೋಳ, ಕಡಲೆ ನೆಲಕಚ್ಚಿದವು. ಲೋಕಸಭಾ ಚುನಾವಣೆಯ ಹೊತ್ತು ಅದು. ರೈತ ಕಾದ, ಹೋರಾಡಿದ. ಮುಂದಿನ ವರ್ಷ, 2015ರಲ್ಲಿ, ಬೆಳೆನಷ್ಟ ಪರಿಹಾರಕ್ಕೆ ಶೇಕಡಾ 50 ಹಾನಿಯಾಗಿರಬೇಕೆಂಬ ನಿಯಮ ಶೇಕಡಾ 33ಕ್ಕೆ ಇಳಿಯಿತು. ಅದು ಒಳ್ಳೆಯದೇ. ಗೆರೆ ದೇವರು ಬರೆದದ್ದಲ್ಲ, ಬದಲಿಸಬಹುದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಈ ಪರಿಹಾರ ಪಹಣಿಯನ್ನು ಹಿಡಿದು ನಡೆಯುತ್ತದೆ. ಬೆಳೆ ಹೋದಾಗ ಕೂಲಿ ಕಳೆದುಕೊಂಡವನ ಹೆಸರಿನಲ್ಲಿ ಪಹಣಿ ಇಲ್ಲ. ಆ ರಾತ್ರಿ ಚಳಿಯಲ್ಲಿ ನಡುಗಿದವನಿಗೂ ಇಲ್ಲ.

ಭೂಮಿ ಬಿಸಿಯಾಗುತ್ತಿರುವಾಗ ಚಳಿಯ ಮಾತೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸರಾಸರಿ ಏರುತ್ತಿದೆ, ಸಂದೇಹವಿಲ್ಲ. ಸರಾಸರಿ ಏರಿದ ಮಾತ್ರಕ್ಕೆ ಎಲ್ಲ ಚಳಿರಾತ್ರಿಗಳೂ ಇಲ್ಲವಾಗುವುದಿಲ್ಲ. ಅವು ವಿರಳವಾದಷ್ಟೂ ಜನರ ಎಚ್ಚರ ಸಡಿಲವಾಗುತ್ತದೆ. ಟೆಕ್ಸಾಸ್ ಮೋಸಹೋದದ್ದು ಅಲ್ಲಿಯೇ.

ನಮ್ಮ ಒತ್ತಾಯಗಳು ನಾಲ್ಕು.

ಒಂದು, ದಖ್ಖನ್ ಒಳನಾಡಿಗೂ ಪಶ್ಚಿಮ ಘಟ್ಟಕ್ಕೂ ಪ್ರತ್ಯೇಕವಾದ ಶೀತಗಾಳಿಯ ಅಳತೆಗೋಲು ಬೇಕು. 2010ರ ಬಿಸಿಗಾಳಿಯ ಸಾವುಗಳ ನಂತರ ಅಹಮದಾಬಾದ್ ನಗರ 2013ರಲ್ಲಿ ತನ್ನದೇ ಉಷ್ಣತಾ ಕ್ರಿಯಾಯೋಜನೆ ರೂಪಿಸಿಕೊಂಡಿತು. ಸೆಕೆಗೆ ಸಾಧ್ಯವಾದದ್ದು ಚಳಿಗೂ ಸಾಧ್ಯ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಅಂಕಿ ಇದೆ, ಅದನ್ನು ಜನರ ರಕ್ಷಣೆಗೆ ಬಳಸುವ ಮನಸ್ಸು ಬೇಕು.

ಎರಡು, ಉಷ್ಣಾಂಶ ಕುಸಿಯುವ ಮುನ್ಸೂಚನೆ ಇದ್ದ ರಾತ್ರಿ ಶಾಲೆ, ಸಮುದಾಯ ಭವನಗಳ ಬಾಗಿಲು ಬಿಡಾರದ ಜನರಿಗೆ ತೆರೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯರಿಗೆ ಎಚ್ಚರಿಕೆ ಮುಂಚೆಯೇ ತಲುಪಬೇಕು.

ಮೂರು, ಗೋಮಾಳದ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಹಂಚುವ ಹೊದಿಕೆಯನ್ನು ಸರಕಾರ ದಖ್ಖನಿ ಉಣ್ಣೆಯ ಕಂಬಳಿಯಾಗಿ ನೇಕಾರರಿಂದಲೇ ಕೊಳ್ಳಬೇಕು. ಒಂದೇ ಖರ್ಚಿನಲ್ಲಿ ಕುರಿ, ಹುಲ್ಲು, ಮಗ್ಗ, ಮೈ ನಾಲ್ಕೂ ಉಳಿಯುತ್ತವೆ.

ನಾಲ್ಕು, ವಸತಿ ಯೋಜನೆಯ ಮನೆಗಳಿಗೆ ಬರಿ ತಗಡಿನ ಸೂರು ಸಲ್ಲದು. ಮಳೆಗೆ ಕುಸಿಯದ, ಚಳಿಗೂ ಸೆಕೆಗೂ ತಡೆಯುವ ಸೂರನ್ನು ಸ್ಥಳೀಯ ಕಲ್ಲು, ಮಣ್ಣಿನಿಂದ ಕಟ್ಟುವ ಜ್ಞಾನ ಇದೆ. ಅದಕ್ಕೆ ಅನುದಾನ ಇರಬೇಕು.

ಇಷ್ಟನ್ನು ಸರಕಾರಕ್ಕೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬೆಟ್ಟದ ತೋಟಗಳ ಲೈನುಮನೆಗಳಲ್ಲಿ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದ ಕೂಲಿಗಳು ಮಲಗಿದ್ದಾರೆ. ಅಲ್ಲಿಯ ಸೂರು ಯಾವುದು, ಹೊದಿಕೆ ಎಷ್ಟು ಎಂದು ನಮ್ಮಲ್ಲಿ ಎಷ್ಟು ಮಂದಿ ಒಳಹೊಕ್ಕು ನೋಡಿದ್ದೇವೆ? ಕಾಡಿನ ಬಗ್ಗೆ, ಅಣೆಕಟ್ಟಿನ ಬಗ್ಗೆ, ಗಣಿಯ ಬಗ್ಗೆ ಮೊಳಗುವ ನಮ್ಮ ದನಿ ನಮ್ಮ ತೋಟದ ಅಂಚಿನ ತಗಡಿನ ಕೆಳಗೆ ಏಕೆ ಇಂಗಿಹೋಗುತ್ತದೆ?

ಚಳಿ ತೀವ್ರವಾದ ರಾತ್ರಿಗಳಲ್ಲಿ ಎಲ್ಲರೂ ಮಾಡಬಹುದಾದದ್ದನ್ನೂ ಹೇಳಿಬಿಡುತ್ತೇವೆ. ನೆಲದ ಮೇಲೆ ಮಲಗುವವರು ಮೇಲೆ ಹೊದೆಯುವುದಕ್ಕಿಂತ ಮೊದಲು ಕೆಳಗೆ ದಪ್ಪನೆಯ ಹುಲ್ಲು, ಗೋಣಿಚೀಲ ಹಾಸಿರಿ. ತಲೆ, ಕಿವಿ, ಪಾದ ಮುಚ್ಚಿರಿ. ಒದ್ದೆ ಬಟ್ಟೆಯಲ್ಲಿ ಮಲಗಬೇಡಿ. ಹಸುಗೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿ ಮೇಲಿಂದ ಹೊದಿಸಿರಿ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಎಂದಿಗೂ ಮಲಗಬೇಡಿ. ಅದರಿಂದ ಬರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಂಡ ಬೆಚ್ಚಗಾಗಿಸುತ್ತದೆ ಎಂಬುದು ಭ್ರಮೆ; ಅದು ಮೈಯ ಬಿಸಿಯನ್ನು ಹೊರಗೆ ಬಿಡುತ್ತದೆ. ದನಕರುಗಳಿಗೆ ಒಣ ನೆಲ, ಗಾಳಿಯ ಮರೆ, ಹೆಚ್ಚು ಮೇವು ಕೊಡಿ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಚಳಿಗಾಲದಲ್ಲಿ ನಿಮ್ಮ ಊರಿನಲ್ಲಿ ಒಂದು ಉಷ್ಣಮಾಪಕವನ್ನು ತಗಡಿನ ಮನೆಯೊಳಗೆ, ಒಂದನ್ನು ಮಣ್ಣಿನ ಮನೆಯೊಳಗೆ, ಇನ್ನೊಂದನ್ನು ಹೊರಗೆ ನೆಲದ ಬಳಿ ಇಟ್ಟು ನಸುಕಿನ ಐದು ಗಂಟೆಗೆ ಬರೆದುಕೊಳ್ಳಿ. ಆ ತಿಂಗಳಲ್ಲಿ ಊರಿನಲ್ಲಿ ತೀರಿಕೊಂಡ ವೃದ್ಧರ, ಕೂಸುಗಳ ಲೆಕ್ಕವನ್ನೂ ಮೌನವಾಗಿ ಬರೆದುಕೊಳ್ಳಿ. ಎರಡನ್ನೂ ಗ್ರಾಮಸಭೆಯಲ್ಲಿ ಓದಿರಿ. 10 ಡಿಗ್ರಿಗೆ ಇಳಿಯಲಿಲ್ಲ, ಆದ್ದರಿಂದ ಚಳಿಯೇ ಇರಲಿಲ್ಲ ಎನ್ನುವ ಅಧಿಕಾರಿಯ ಮುಂದೆ ಆ ಹಾಳೆಯನ್ನು ಇಡಿರಿ. ಅವರು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.